ನಮ್ಮತ್ತೆಯ ಶೆಡ್ಡಿನಲ್ಲಿ ತಂಬಾಕು ಬಂದ್

ನಮ್ಮ ಅತ್ತೆಗೆ ಹೆದರದ ಬೀಡಿಯನ್ನು ಈ ಟಿಕೋಟಾ ಸೀಮೆಯಲ್ಲಿ ಇನ್ನೂ ಯಾರೂ ಸುತ್ತಿಲ್ಲ!

ನಂಬಿಕೆ ಬರದಿದ್ದರೆ ಟಿಕೋಟಾದಿಂದ ಹೊನವಾಡದ ಕಡೆ ಹೋಗುವ ಬಸ್ಸಿನಲ್ಲಿ ಒಮ್ಮೆ ಕುಳಿತು ನೋಡಿ. ಅತ್ತೆಯ ಒಣದ್ರಾಕ್ಷಿ ಶೆಡ್ಡು ಇನ್ನೂ ಅರ್ಧ ಕಿಲೋಮೀಟರ್ ಇರುವಾಗಲೇ ಕಂಡಕ್ಟರ್ ಎದ್ದು ನಿಂತು, "ಬಾಯಾಗ ಏನರ ಇದ್ದೋರು ಇಲ್ಲೇ ಖಾಲಿ ಮಾಡ್ರೀ! ಮುಂದ ಅಕ್ಕಾರ ಶೆಡ್ ಬರತೈತಿ!" ಎಂದು ಕೂಗುತ್ತಾನೆ. ಅವನು ತಮಾಷೆಗೆ ಕೂಗುತ್ತಾನೆ ಎಂದು ನೀವು ತಿಳಿದರೆ ಅದು ನಿಮ್ಮ ತಪ್ಪು. ಒಮ್ಮೆ ಅದೇ ಬಸ್ಸಿನ ಕಿಟಕಿಯಿಂದ ಯಾರೋ ಉಗಿದ ಗುಟ್ಕಾ ಶೆಡ್ಡಿನ ಗೇಟಿಗೆ ಬಿದ್ದು, ಅತ್ತೆ ಬಸ್ಸಿನ ಮುಂದೆ ಅಡ್ಡ ನಿಂತು, ಕೊಡದಲ್ಲಿ ನೀರು ಕೊಟ್ಟು, ಉಗಿದವನಿಂದಲೇ ಗೇಟು ತೊಳೆಸಿದ್ದಳು. ಅಲ್ಲಿಯವರೆಗೆ ಬಸ್ಸು ಕದಲಲಿಲ್ಲ. ಡ್ರೈವರ್ ಹಾರ್ನ್ ಕೂಡ ಬಾರಿಸಲಿಲ್ಲವಂತೆ!

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ವಯಸ್ಸು ಅರವತ್ತರ ಹತ್ತಿರ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ದಾರ ಕಟ್ಟಿದ ಕನ್ನಡಕ. ಈ ವೇಷದಲ್ಲಿ ಅವಳು ಶೆಡ್ಡಿನ ನಡುವೆ ನಿಂತರೆ ದ್ರಾಕ್ಷಿಗಳೂ ಸಾಲಾಗಿ ಕುಳಿತುಕೊಳ್ಳುತ್ತವೆ. ತೋಟ ಮಾವನ ಪಾಲಿನದು, ಶೆಡ್ಡು ಅತ್ತೆಯ ಪಾಲಿನದು. ಒಣಗಿದ ದ್ರಾಕ್ಷಿಯನ್ನು ಯಂತ್ರಕ್ಕೆ ಹಾಕಿ ಕಡ್ಡಿ ಬಿಡಿಸುವುದು, ಉದ್ದನೆಯ ಮೇಜಿನ ಮೇಲೆ ಹರಡಿ ಕೈಯಿಂದ ಆರಿಸುವುದು, ಪೆಟ್ಟಿಗೆಗೆ ತುಂಬುವುದು. ಇಷ್ಟಕ್ಕೆ ಇಪ್ಪತ್ತು ಹೆಣ್ಣುಮಕ್ಕಳು, ಯಂತ್ರಕ್ಕೆ ಬಸಪ್ಪ. ಆರಿಸುವವರಲ್ಲಿ ಹಿರಿಯಳು ಹಾಜರಾಬಿ. ಅತ್ತೆ ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಇಬ್ಬರಿಗೂ ಗೆಳೆತನ. ದಿನಕ್ಕೆ ಮೂರು ಸಲ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರುವುದಿಲ್ಲ, ಅಂಥ ಗೆಳೆತನ!

ಇಷ್ಟಕ್ಕೂ ಅತ್ತೆ ಹುಟ್ಟಿನಿಂದ ತಂಬಾಕಿನ ವೈರಿಯಲ್ಲ. ಶೆಡ್ಡಿನಲ್ಲಿ ಬಸಪ್ಪನ ಬೀಡಿ ಹೊಗೆಯಾಡುತ್ತಿತ್ತು. ಹೆಂಗಸರಲ್ಲಿ ಹೆಚ್ಚಿನವರು ಮಿಸ್ರಿ ಹಚ್ಚುತ್ತಿದ್ದರು. ಮಿಸ್ರಿ ಎಂದರೆ ಹುರಿದು ಪುಡಿ ಮಾಡಿದ ತಂಬಾಕು. ಹಲ್ಲು ಉಜ್ಜುವ ನೆಪದಲ್ಲಿ ಬಾಯಿಗೆ ಸೇರಿ, ಆಮೇಲೆ ಹಲ್ಲನ್ನೂ ಬಿಡುವುದಿಲ್ಲ, ಹಚ್ಚಿದವರನ್ನೂ ಬಿಡುವುದಿಲ್ಲ. ಇದೆಲ್ಲ ನಡೆದುಕೊಂಡೇ ಬಂದಿತ್ತು, ಮೂರು ವರ್ಷದ ಹಿಂದಿನ ಒಂದು ಬೇಸಿಗೆಯ ಮಧ್ಯಾಹ್ನದವರೆಗೆ.

ನಾನು ವಿಜಯಪುರದ ಅಥಣಿ ರಸ್ತೆಯಲ್ಲಿ ಮನೆ ಮಾಡಿಕೊಂಡಿರುವ ಹೈಸ್ಕೂಲು ಮಾಸ್ತರ. ಅದು ರಜೆ ಶುರುವಾದ ವಾರ. ಶೆಡ್ಡಿಗೆ ಹೋದಾಗ ಅತ್ತೆ ಮುಚ್ಚಲು ಸಿದ್ಧವಾಗಿದ್ದ ಒಂದು ಪೆಟ್ಟಿಗೆಯ ಮುಂದೆ ಕುಳಿತು, ಅಂಗೈಯಲ್ಲಿ ಏನನ್ನೋ ಹಿಡಿದು ನೋಡುತ್ತಿದ್ದಳು.

"ಇದೇನ ಹೇಳಪಾ ಮಾಸ್ತರಾ?"

"ಒಣದ್ರಾಕ್ಷಿ," ಎಂದೆ.

"ಛಲೋ ನೋಡು."

ಛಲೋ ನೋಡಿದೆ. ಮೋಟುಬೀಡಿ! ಒಂದು ತುದಿ ಸುಟ್ಟು, ಇನ್ನೊಂದು ತುದಿ ಕಡಿದು, ಅದೇ ಬಣ್ಣ, ಅದೇ ಗಾತ್ರ, ಮೈಮೇಲೆ ಅದೇ ನಿರಿಗೆ. ಹತ್ತನೇ ತರಗತಿಯವರಿಗೆ ವಿಜ್ಞಾನ ಕಲಿಸುವ ನನಗೇ ಗೊತ್ತಾಗಲಿಲ್ಲವೆಂದರೆ ನೋಡಿ!

"ಯಾರದೋ ಮನ್ಯಾಗ ಪಾಯಸಕ್ಕ ಹಾಕತಾರ," ಎಂದಳು ಅತ್ತೆ. "ಯಾವದೋ ಕೂಸು ಬಾಯಾಗ ಇಟ್ಕೋತೈತಿ. ನಮ್ಮ ಶೆಡ್ಡಿನ್ಯಾಗಿಂದ ಹೋಗಿದ್ದು."

ಅಂದು ತುಂಬಿದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿ, ಮತ್ತೆ ಮೇಜಿನ ಮೇಲೆ ಸುರುವಿಸಿ, ಒಂದೊಂದನ್ನೂ ನೋಡಿಸಿದಳು. ಇನ್ನೊಂದು ಮೋಟು ಸಿಗಲಿಲ್ಲ. ಆದರೂ ಮರುದಿನ ಗೇಟಿನ ಮೇಲೆ ಅವಳ ಕೈಯಾರೆ ಬರೆದ ಬೋರ್ಡು ಬಂತು: "ಈ ಗೇಟಿನ ಒಳಗ ಬೀಡಿ, ಸಿಗರೇಟ, ಗುಟಕಾ, ಮಿಸ್ರಿ, ತಂಬಾಕ ಬಂದ್. ಮಾಲಕರ ಗಂಡಂದಿರಿಗೂ ಸೇರಿ."

ಮಾಲಕರಿಗೆ ಇರುವುದು ಒಬ್ಬನೇ ಗಂಡ! ಊರಿನವರು ಬೋರ್ಡು ಓದಿ ಎರಡು ದಿನ ನಕ್ಕರು. ಮಾವ ಮಾತ್ರ ನಗಲಿಲ್ಲ. ನಲವತ್ತು ವರ್ಷದಿಂದ ಅಂಗೈಯಲ್ಲಿ ಸುಣ್ಣ ತಂಬಾಕು ತಿಕ್ಕುತ್ತ ಬಂದ ಮೃದು ಮನುಷ್ಯ. ಶೆಡ್ಡಿನ ನೆರಳಿನಲ್ಲಿ ಕುಳಿತು ತಿಕ್ಕುವುದೇ ಅವನ ದೊಡ್ಡ ಸುಖ.

"ನಾ ಎಲ್ಲಿ ಹೋಗಲಿ?" ಎಂದ.

ಅತ್ತೆ ಗೇಟಿನಿಂದ ಹೆಜ್ಜೆ ಎಣಿಸುತ್ತ ಹೊರಟಳು. ರಸ್ತೆಯಾಚೆಯ ಬೇವಿನ ಮರದ ಬುಡದಲ್ಲಿ ನಿಂತು, "ಇಲ್ಲಿ!" ಎಂದು ಕೂಗಿದಳು. ಅರವತ್ತು ಹೆಜ್ಜೆ! ಮಾವ ದಿನಕ್ಕೆ ಎಂಟು ಸಲ ಹೋಗಿ ಬಂದರೆ ತೋಟಕ್ಕೆ ಹೋಗಿ ಬಂದಷ್ಟೇ ನಡಿಗೆ. ಒಂದು ತಿಂಗಳಲ್ಲಿ ಅವನ ಹೊಟ್ಟೆ ಇಳಿದು ಧೋತರ ಸಡಿಲವಾಯಿತು. ಅದನ್ನೂ ಅತ್ತೆ ತನ್ನ ಲೆಕ್ಕಕ್ಕೇ ಸೇರಿಸಿಕೊಂಡಳು.

ನನ್ನನ್ನೇನು ಬಿಟ್ಟಳೇ? ಗೇಟಿನಲ್ಲಿ ನನ್ನ ಹತ್ತಿರ ಬಂದು ಮೂಗರಳಿಸಿ, ಅಂಗಿಯ ಜೇಬಿಗೆ ಕೈ ಹಾಕಿ ಎರಡು ಸಿಗರೇಟು ಹೊರತೆಗೆದಳು. ಅಲ್ಲಿಯವರೆಗೆ ನಾನು ಸಿಗರೇಟು ಸೇದುವುದು ನನಗೂ ಶಾಲೆಯ ಹಿಂದಿನ ಪಾನ್ ಅಂಗಡಿಯವನಿಗೂ ಮಾತ್ರ ಗೊತ್ತಿತ್ತು.

"ಸಾಲ್ಯಾಗ ಹುಡುಗರಿಗೆ ಇದನ್ನ ಕಲಸ್ತೀ ಏನಲೇ?"

ಇಪ್ಪತ್ತು ಹೆಣ್ಣುಮಕ್ಕಳು ಕೈಕೆಲಸ ಬಿಟ್ಟು ನೋಡುತ್ತಿದ್ದರು. ನಾನು ಕರಿಹಲಗೆಯ ಮುಂದೆ ಉತ್ತರ ತಿಳಿಯದೆ ನಿಂತ ವಿದ್ಯಾರ್ಥಿಯ ಹಾಗೆ ನೆಲ ನೋಡಿದೆ. ಎರಡೂ ಸಿಗರೇಟು ನೀರಿನ ಡ್ರಮ್ಮಿನಲ್ಲಿ ಪ್ರಾಣ ಬಿಟ್ಟವು. ಅಂದಿನಿಂದ ನಾನು ಸೇದಿಲ್ಲ. ಮನಃಪರಿವರ್ತನೆ ಎಂದು ಹೇಳಿಕೊಳ್ಳುವ ಆಸೆಯಿದೆ, ಆದರೆ ಅದು ಬರೀ ಹೆದರಿಕೆ!

ಅದೇ ವಾರ ವಿಜಯಪುರದ ದೊಡ್ಡ ವ್ಯಾಪಾರಿಯೊಬ್ಬರು ಮಾಲು ನೋಡಲು ಬಂದರು. ಕಾರಿನಿಂದ ಇಳಿದಾಗ ಬೆರಳ ನಡುವೆ ಸಿಗರೇಟು ಉರಿಯುತ್ತಿತ್ತು. ಅತ್ತೆ ಗೇಟು ತೆರೆಯದೆ ಬೋರ್ಡಿನ ಕಡೆ ಕೈ ತೋರಿಸಿದಳು.

"ನಾ ಮಾಲ ತಗೊಳ್ಳಾಕ ಬಂದೇನ್ರಿ ಅಕ್ಕಾರ!"

"ಅದಕ್ಕ ಹೇಳಾಕತ್ತೇನ್ರಿ. ನಾಳೆ ಈ ಮಾಲಿನ್ಯಾಗ ಏನರ ಸಿಕ್ಕರ ನೀವ ಮೊದಲ ನನ್ನ ಮ್ಯಾಲ ಬರತೀರಿ."

ವ್ಯಾಪಾರಿ ಕೆಂಪಾದರು. ಮಾವ ಬೇವಿನ ಮರದಡಿ ಕಣ್ಣು ಮುಚ್ಚಿಕೊಂಡ. ಇಡೀ ವರ್ಷದ ಮಾಲು ಆ ಒಬ್ಬ ಮನುಷ್ಯನ ಕೈಯಲ್ಲಿತ್ತು! ಕೊನೆಗೆ ಅವರು ಸಿಗರೇಟು ಹೊರಗೇ ತುಳಿದು, ಒಳಗೆ ಬಂದು, ಒಂದು ಮುಷ್ಟಿ ದ್ರಾಕ್ಷಿ ಎತ್ತಿ ಮೂಸಿ, ಕಾರು ಹತ್ತಿ ಹೋದರು. ಮೂರನೆಯ ದಿನ ಅವರ ಲಾರಿ ಬಂತು. ಈಗ ಅವರು ಬೇರೆ ವ್ಯಾಪಾರಿಗಳಿಗೆ, "ಆ ಶೆಡ್ಡಿನ ಮಾಲ ಕಣ್ಣ ಮುಚ್ಚಿ ತಗೋರಿ, ಕಣ್ಣ ತಗದು ನೋಡಾಕ ಆಕಿ ಅದಾಳ," ಎನ್ನುತ್ತಾರೆ. ಈ ಮಾತನ್ನು ನಾನು ವಿಜಯಪುರದಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ!

ಆದರೆ ಹೊರಗಿನವರನ್ನು ಗೆಲ್ಲುವುದು ಸುಲಭ, ಒಳಗಿನವರನ್ನಲ್ಲ. ಅತ್ತೆ ದಿನವೂ ಗೇಟಿನಲ್ಲಿ ನಿಂತು ಜೇಬು, ಸೆರಗು, ಸೊಂಟದ ಚೀಲ ತಪಾಸಣೆ ಮಾಡುತ್ತಿದ್ದಳು. ಅದರ ಮೇಲೆ ಮಾತು ಮಾತಿಗೆ ಚೀರಾಟ. ಮೂರನೆಯ ವಾರ ಒಂದು ಬೆಳಿಗ್ಗೆ ಯಾರೂ ಗೇಟು ದಾಟಲಿಲ್ಲ. ಎಲ್ಲರೂ ಬೇವಿನ ಮರದಡಿ ಕುಳಿತಿದ್ದರು.

ಬಸಪ್ಪ ಎದ್ದು ನಿಂತ. "ನಾವೇನ ಕಳ್ಳರೇನ್ರಿ ಅಕ್ಕಾರ, ದಿನಾ ಕಿಸೆ ತಪಾಸ ಮಾಡಾಕ? ಬೀಡಿ ಸೇದಬ್ಯಾಡ ಅಂದ್ರಿ, ಆತು. ಮೈ ಮುಟ್ಟಿ ನೋಡಬ್ಯಾಡ್ರಿ."

ಅತ್ತೆ ಒಳಗೆ ಹೋಗಿ ಒಬ್ಬಳೇ ಮೇಜಿನ ಮುಂದೆ ಕುಳಿತಳು. ನನ್ನನ್ನೂ ಮಾವನನ್ನೂ ಕರೆದಳು. ಮಧ್ಯಾಹ್ನದವರೆಗೆ ನಾವು ಮೂವರೂ ಸೇರಿ ಆರಿಸಿದ್ದು ಒಂದೂವರೆ ಪೆಟ್ಟಿಗೆ! ಅದರಲ್ಲೂ ನಾನು ಆರಿಸಿದ ಅರ್ಧ ಪೆಟ್ಟಿಗೆಯಲ್ಲಿ ಕಡ್ಡಿ ಒಳಗೆ, ದ್ರಾಕ್ಷಿ ಹೊರಗೆ. ಹಿಂದೆ ಒಣದ್ರಾಕ್ಷಿಯ ಗುಡ್ಡ ಹಾಗೇ ಇತ್ತು.

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡಳು. ಬುತ್ತಿ ಹಿಡಿದು ರಸ್ತೆ ದಾಟಿ, ಎಲ್ಲರ ನಡುವೆ ನೆಲದ ಮೇಲೆ ಕುಳಿತಳು.

"ಬಸಪ್ಪಾ, ನಂದು ತಪ್ಪಾತು," ಎಂದಳು. "ತಪಾಸ ಇವತ್ತಿಗೆ ಮುಗೀತು. ನಿಮ್ಮ ಮಾತಿನ ಮ್ಯಾಲ ಬಿಡತೇನಿ. ನಡು ನಡುವ ಎರಡ ಸಲ ಚಾದ ಸೂಟಿ. ಯಾರಿಗರ ತಡಿಯಾಕ ಆಗಲಿಲ್ಲಂದ್ರ ಈ ಗಿಡದ ಬುಡಕ ಬರ್ರಿ. ಹೊಳ್ಳಿ ಹೋಗುಮುಂದ ಕೈ, ಬಾಯಿ ತೊಳಕೊಂಡು ಹೋಗ್ರಿ. ಆದ್ರ ಒಳಗ ಬಂದ್ ಅಂದ್ರ ಬಂದ್."

ನಮ್ಮ ಅತ್ತೆಯ ಬಾಯಿಂದ 'ತಪ್ಪಾತು' ಎಂಬ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. ಮಾವ ಕೂಡ ಹಾಗೇ ಹೇಳುತ್ತಾನೆ! ಬಸಪ್ಪ ತಲೆ ಅಲ್ಲಾಡಿಸಿ ತನ್ನ ಬುತ್ತಿ ಬಿಚ್ಚಿದ. ಎಲ್ಲರೂ ಬಿಚ್ಚಿದರು. ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಚಟ್ನಿ ಕೈಯಿಂದ ಕೈಗೆ ಹೋದವು. ಹಾಜರಾಬಿ ಮಾತ್ರ ಚಟ್ನಿ ಪಕ್ಕಕ್ಕೆ ಸರಿಸಿ, ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದಳು.

ಅತ್ತೆ ಕಂಡಳು. "ಯಾಕ ಬೇ? ಖಾರ ಇಲ್ಲದ ಒಂದ ತುತ್ತ ನುಂಗಾಕಿ ಅಲ್ಲ ನೀ."

"ಬಾಯಿ ಉರೀತೈತ್ರಿ. ಎರಡ ತಿಂಗಳಾತು."

ಅತ್ತೆ ಊಟ ಅಲ್ಲಿಗೇ ಬಿಟ್ಟು ಎದ್ದಳು. ಅರ್ಧ ಗಂಟೆಯಲ್ಲಿ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಜಗಳವಾಡುತ್ತ ವಿಜಯಪುರದ ಕಡೆ ಹೊರಟಿದ್ದರು.

ಹಲ್ಲಿನ ದವಾಖಾನೆಯ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. "ಬಾಯಿ ತಗೀರಿ ಅಜ್ಜಿ," ಎಂದರೆ ಹಾಜರಾಬಿ ತುಟಿ ಬಿಗಿದು ಕುರ್ಚಿಯ ಕೈ ಹಿಡಿದು ಕುಳಿತುಬಿಟ್ಟಳು. ಏನು ಕಾಣಬಹುದೋ ಎಂಬ ಭಯ. ಡಾಕ್ಟರು ಎರಡು ಸಲ ಹೇಳಿದರು, ನಾನೂ ಹೇಳಿದೆ. ಕಣ್ಣಲ್ಲಿ ನೀರು ತುಂಬಿತೇ ಹೊರತು ಬಾಯಿ ತೆರೆಯಲಿಲ್ಲ.

ಆಗ ಅತ್ತೆ ಪಕ್ಕದ ಸ್ಟೂಲಿನ ಮೇಲೆ ಕುಳಿತು, "ಮೊದಲ ನಂದ ನೋಡ್ರಿ ಡಾಕ್ಟರ," ಎಂದು ತಾನೇ ಬಾಯಿ ತೆರೆದಳು.

ಡಾಕ್ಟರು ಟಾರ್ಚು ಹಾಕಿ ಇಣುಕಿದರು. ಹುಬ್ಬೇರಿಸಿ, "ಎಷ್ಟು ವರ್ಷದಿಂದ ಮಿಸ್ರಿ ಹಚ್ಚತೀರಿ?" ಎಂದು ಕೇಳಿದರು.

ನಾನು ಅತ್ತೆಯ ಕಡೆ ತಿರುಗಿದೆ.

"ಮೂವತ್ತ ವರ್ಷ ಹಚ್ಚೇನ್ರಿ," ಎಂದಳು ಅತ್ತೆ. "ನಸಕಿನ್ಯಾಗ, ಬಚ್ಚಲ ಮನ್ಯಾಗ. ನನ್ನ ಗಂಡಗೂ ಗೊತ್ತಿಲ್ಲ. ಬೋರ್ಡ್ ಬರದ ದಿನ ಬಿಟ್ಟೇನಿ. ಇವತ್ತಿಗೆ ಮೂರ ವಾರ."

ಹಾಜರಾಬಿಯ ಬಾಯಿ ಆಶ್ಚರ್ಯಕ್ಕೆ ತಾನಾಗಿಯೇ ತೆರೆದುಕೊಂಡಿತು. ಡಾಕ್ಟರು ಅಷ್ಟರಲ್ಲೇ ಟಾರ್ಚು ತಿರುಗಿಸಿದರು! ಕೆನ್ನೆಯ ಒಳಗೆ ಬಿಳಿಯ ಮಚ್ಚೆಯಿತ್ತು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಎಂಟು ದಿನಕ್ಕೆ ವರದಿ ಬಂದು, ನಾವು ಮೂವರೂ ಮತ್ತೆ ದವಾಖಾನೆಗೆ ಹೋದೆವು. "ಇನ್ನೂ ಕೆಟ್ಟದ್ದೇನೂ ಆಗಿಲ್ಲ ಅಜ್ಜಿ, ಆಗೋ ದಾರಿಯೊಳಗಿತ್ತು," ಎಂದರು ಡಾಕ್ಟರು. "ಮಿಸ್ರಿ ಇವತ್ತಿಗೇ ಬಿಡ್ರಿ. ತಿಂಗಳಿಗೊಮ್ಮೆ ಬಂದು ತೋರಸ್ರಿ."

ಹೊರಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಚುರುಕಾಗಿತ್ತು. ಸಿದ್ಧೇಶ್ವರ ಗುಡಿಯ ಹತ್ತಿರ ಚಹಾದ ಅಂಗಡಿ ಕಂಡು ಕಾರು ನಿಲ್ಲಿಸಿದೆ. ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ಜಗಳವಿಲ್ಲದೆ ಅವರಿಬ್ಬರೂ ಕುಳಿತದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

"ಅಕ್ಕಾರ," ಎಂದಳು ಹಾಜರಾಬಿ. "ಬಿಟ್ಟಾಗ ನಿಮಗ ತ್ರಾಸ ಆಗಲಿಲ್ಲೇನ್ರಿ?"

"ಆಗಲಾರದ ಏನು! ತಲಿ ಸಿಡೀತಿತ್ತು. ಅದಕ್ಕ ನಿಮ್ಮ ಮ್ಯಾಲೆಲ್ಲ ಚೀರಾಡಿದ್ನಿ."

"ನನಗ ಹೇಳಬಾರದಾಗಿತ್ತೇನು?"

"ನಾಚಿಕಿ ಆತು ಬೇ."

ನಾನು ಚಹಾದ ಲೋಟ ಹಿಡಿದು ಅಲ್ಲೇ ನಿಂತೆ. ಇಷ್ಟು ವರ್ಷ ಈಕೆಯ ಕಥೆಯನ್ನು ಸ್ಟಾಫ್ ರೂಮಿನಲ್ಲಿ ನಗಿಸಲೆಂದು ಹೇಳುತ್ತಿದ್ದವನು ನಾನು. ಆ ಹೊತ್ತಿಗೆ, ದಾರಿಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ನಿಲ್ಲಿಸಿ, 'ನೋಡ್ರಿ, ಈಕೆ ನಮ್ಮ ಅತ್ತೆ' ಎಂದು ಹೇಳಬೇಕೆನಿಸಿತು.

ಹಾಜರಾಬಿ ಸೆರಗಿನ ಗಂಟಿನಿಂದ ಮಿಸ್ರಿಯ ಡಬ್ಬಿ ತೆಗೆದು ಅತ್ತೆಯ ಮಡಿಲಲ್ಲಿ ಇಟ್ಟಳು. ಅತ್ತೆ ಅದನ್ನು ನೋಡಲೂ ಇಲ್ಲ, ಅವಳ ಕೈಯನ್ನು ಹಿಡಿದುಕೊಂಡಳು. ಚಹಾ ಆರಿ ತಣ್ಣಗಾಯಿತು. ಇಬ್ಬರೂ ಕೈ ಬಿಡಲಿಲ್ಲ.