ಬಸುರಿ ತಂಗಿಗೆಂದು ಎತ್ತರಿಸಿದ ಜೀಪು

ಮನುಷ್ಯನಿಗೆ ಬುದ್ಧಿ ಕಡಿಮೆಯಿದ್ದರೆ ಹೇಗೋ ನಡೆಯುತ್ತದೆ. ಹಟ ಹೆಚ್ಚಿದ್ದರೆ ಮನೆಯವರೆಲ್ಲ ಅನುಭವಿಸಬೇಕಾಗುತ್ತದೆ. ನನ್ನಲ್ಲಿ ಎರಡೂ ಧಾರಾಳವಾಗಿದ್ದವು. ಜೊತೆಗೆ ಒಂದು ಜೀಪೂ ಇತ್ತು. ನಮ್ಮ ಬೀದರ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯ ಸೇರಿದ ಮರುವರ್ಷ, ಮಿಲಿಟರಿಯವರು ಹರಾಜಿಗೆ ಹಾಕಿದ್ದ ಹಳೆಯದೊಂದನ್ನು ತಂದಿದ್ದೆ. ಬೀಜ ಮಾರುವವನಿಗೆ ಜೀಪು ಯಾಕೆ ಎಂದು ನಮ್ಮೂರು ಚಿದ್ರಿಯ ನೆರೆಹೊರೆಯವರು ಕೇಳುತ್ತಿದ್ದರು. ರಾಜ್ಯವೇ ಬದಲಾಗಿದೆ, ನಾನು ಬದಲಾಗಬಾರದೇ ಎನ್ನುತ್ತಿದ್ದೆ. ಅದು ಉತ್ತರವಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅದೇ ಮಳೆಗಾಲದಲ್ಲಿ ತಂಗಿ ಶಾಂತಾ ಚೊಚ್ಚಲ ಬಸುರಿ. ಅವಳನ್ನು ಕೊಟ್ಟದ್ದು ಔರಾದಿನ ಆಚೆಯ ಒಂದು ಹಳ್ಳಿಗೆ. ಏಳನೆಯ ತಿಂಗಳಲ್ಲಿ ಕುಬಸದ ಶಾಸ್ತ್ರ ಮುಗಿಸಿ ಹೆರಿಗೆಗೆ ತವರಿಗೆ ಕರೆತರಬೇಕು. ಅವ್ವ ಅಟ್ಟದ ತೊಟ್ಟಿಲು ಇಳಿಸಿ ತೊಳೆದಿಟ್ಟು, ಬಾಣಂತಿಗೆ ಕೊಡುವ ಅಂಟಿನ ಉಂಡೆಗೆ ಒಣಕೊಬ್ಬರಿ ಹೆರೆದು ಕಾಯುತ್ತಿದ್ದಳು. "ಎತ್ತಿನ ಗಾಡಿ ಹೂಡಿಸ್ಕೊಂಡು ಹೋಗಪಾ. ತಡ ಆದ್ರೂ ಹುಡುಗಿ ಮನಿ ಮುಟ್ತಾಳ" ಎಂದಳು. ಜೀಪಿನ ಒಡೆಯನ ತಂಗಿ ಎತ್ತಿನ ಗಾಡಿಯಲ್ಲಿ ಬರುವುದೇ! ಜೀಪಿನಲ್ಲೇ ಹೊರಟೆ. ಔರಾದ ದಾಟಿದ್ದೇ ತಡ, ಎರೆಮಣ್ಣು ಅದರ ಹೊಟ್ಟೆ ಹಿಡಿದು ಕೂರಿಸಿತು. ಕೊನೆಗೆ ಎಳೆದು ಹಾಕಿದ್ದು ಎರಡು ಜೋಡಿ ಎತ್ತುಗಳು. ಅವಮಾನದಿಂದ ಅಲ್ಲಿಂದಲೇ ಹಿಂದಿರುಗಿದೆ.

ಭಾಲ್ಕಿಯಲ್ಲಿ ಮೋಟಾರು ರಿಪೇರಿಗೆ ಹೆಸರಾದ ಉಸ್ತಾದರೊಬ್ಬರಿದ್ದರು. "ಫಿಕರ್ ಬ್ಯಾಡ್ರಿ ಸಾಹೇಬ್ರ. ಸ್ಪ್ರಿಂಗಿನ ಕಮಾನಿಗಿ ಇನ್ನೆರಡು ಪಟ್ಟಿ ಹಾಕಿ ಎತ್ತರ ಮಾಡ್ತೇನಿ. ಆದ್ರ ಅದಕ್ಕ ದೊಡ್ಡ ಹಲ್ಲಿನ ಟೈರ್ ಬೇಕ್ರಿ, ಹೈದ್ರಾಬಾದದಿಂದ ಬರಬೇಕು" ಎಂದರು. ಟೈರು ಬರಲು ತಿಂಗಳು ಹಿಡಿಯಿತು. ಹಾಕಿದ ಮೇಲೆ, ಸ್ಟೇರಿಂಗ್ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜತೊಡಗಿತು; ಅದನ್ನು ಕತ್ತರಿಸಲು ಮತ್ತೊಂದು ವಾರ. ಅವ್ವ ದಿನವೂ ಬೆರಳು ಮಡಿಸಿ ತಂಗಿಯ ದಿನ ಲೆಕ್ಕ ಹಾಕುತ್ತಿದ್ದಳು. ನಾನು ಜೀಪಿನ ಹೊಟ್ಟೆಗೂ ನೆಲಕ್ಕೂ ಎಷ್ಟು ಗೇಣು ಅಂತರವೆಂದು ಅಳೆಯುತ್ತಿದ್ದೆ.

ಈ ಸಲ ಜೀಪು ಆನೆಯಂತೆ ನಡೆಯಿತು. ಹಿಂದೆ ಹೂತುಬಿದ್ದಿದ್ದ ಜಾಗದಲ್ಲಿ ಬೇಕೆಂದೇ ಎರಡು ಸಲ ಓಡಾಡಿಸಿದೆ. ಆದರೆ ಪಟ್ಟಿ ಹೆಚ್ಚಾಗಿ ಕಮಾನು ಬಿರುಸಾಗಿತ್ತು. ಗುಂಡಿ ಬಂದಾಗಲೆಲ್ಲ ತಲೆ ಚಾವಣಿಯ ಸರಳಿಗೆ ಬಡಿಯುತ್ತಿತ್ತು. ಬೀಗರ ಅಂಗಳದಲ್ಲಿ ಇಳಿದಾಗ ಸೊಂಟ ಹಿಡಿದುಕೊಂಡೇ ನಿಂತೆ. ಶಾಂತಾ ಬಟ್ಟೆಯ ಗಂಟು ಹಿಡಿದು ಓಡಿಬರುವಂತೆ ಬಂದಳು. ಜೀಪಿನಲ್ಲಿ ಕಾಲಿಡುವ ಜಾಗ ಅವಳ ಸೊಂಟದ ಮಟ್ಟಕ್ಕಿತ್ತು. ಮಣ್ಣನ್ನು ಅಳೆದಿದ್ದೆ, ತಂಗಿಯನ್ನು ಅಳೆದಿರಲಿಲ್ಲ. "ಬಾ, ನಾ ಎತ್ತಿ ಕೂಡಸ್ತೇನಿ" ಎಂದೆ. ಅವಳ ಅತ್ತೆ ಅಡ್ಡ ಬಂದರು.

"ಬೀಗರ, ನೀವೇ ಸೊಂಟ ಹಿಡ್ಕೊಂಡು ನಿಂತೀರಿ. ಗಂಡಸಿಗೇ ಹೀಂಗಾದ್ರ ಬಸುರಿ ಗತಿ ಏನ್ರಿ? ಹೋದ ತಿಂಗಳ ಎತ್ತಿನ ಗಾಡಿ ತಂದಿದ್ರ ಕಳಸ್ತಿದ್ದೆವು. ಈಗ ದಿನ ತುಂಬಾಕ ಬಂದಾವ. ಯಾವ ಗಾಡ್ಯಾಗೂ ಕಳಸಂಗಿಲ್ರಿ."

ಶಾಂತಾ ಅಳಲಿಲ್ಲ. "ಅವ್ವಗ ಏನ್ ಹೇಳ್ತಿ ಅಣ್ಣಾ?" ಎಂದಳಷ್ಟೆ. ಬರುವಾಗ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡೇ ಬಂದೆ. ಜೀಪು ಮಾತ್ರ ಎಲ್ಲಿಯೂ ಸಿಕ್ಕಿಬೀಳಲಿಲ್ಲ.

ಹೆರಿಗೆ ಅಲ್ಲಿಯೇ ಆಯಿತು, ಹೆಣ್ಣುಮಗು. ಅಂಟಿನ ಉಂಡೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವ್ವ ಎತ್ತಿನ ಗಾಡಿಯಲ್ಲಿ ಹೋಗಿ ಮೊಮ್ಮಗಳನ್ನು ನೋಡಿ ಬಂದಳು. ನನ್ನನ್ನು ಕರೆದು, ತೊಟ್ಟಿಲನ್ನು ಮತ್ತೆ ಅಟ್ಟಕ್ಕೆ ಏರಿಸು ಎಂದಳು. ಎರಡನೆಯ ಹೆರಿಗೆಗೆ ಶಾಂತಾ ತವರಿಗೆ ಬಂದಾಗ ಅವ್ವ ಇರಲಿಲ್ಲ. ಮಗಳ ಬಾಣಂತನ ಮಾಡಬೇಕೆಂಬುದೊಂದೇ ಅವಳ ಆಸೆಯಾಗಿತ್ತು.

ಆಮೇಲೆ ಜೀಪು ಹತ್ತುವ ಮನಸ್ಸಾಗಲಿಲ್ಲ, ಮಾರಿಬಿಟ್ಟೆ. ಕೊಂಡವನು ಮೊದಲು ಮಾಡಿದ ಕೆಲಸವೆಂದರೆ ಆ ಟೈರು ಬಿಚ್ಚಿ, ಜೀಪನ್ನು ತಗ್ಗಿಸಿದ್ದು. ಅವನು ಬೇಡವೆಂದು ಬಿಟ್ಟ ಒಂದು ಟೈರು ನಮ್ಮ ಹಿತ್ತಲಲ್ಲೇ ಉಳಿಯಿತು. ಮೊನ್ನೆ ಪಂಚಮಿಗೆ ತಂಗಿ ಬಂದಾಗ ಅವಳ ಮಗಳು ಅದರ ಮೇಲೆ ಕುಳಿತು, "ಮಾಮಾ, ಇದು ಯಾವ ಗಾಡೀದು?" ಎಂದು ಕೇಳಿದಳು.

"ಯಾವುದೋ ಲಾರೀದವ್ವಾ" ಎಂದೆ.

ಶಾಂತಾ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಲಾರೀದಲ್ಲ. ನಾ ನಿನ್ನ ಈ ಮನ್ಯಾಗ ಹಡೀಲಿ ಅಂತ ನಿಮ್ಮ ಮಾಮಾ ತರಿಸಿದ್ದು" ಎಂದಳು.

ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಹುಡುಗಿಯ ಪಕ್ಕದಲ್ಲಿ ಬಗ್ಗಿ, "ಒಂದು ಹಲ್ಲಾದ್ರೂ ಸವದದೇನು ನೋಡು" ಎಂದು ಟೈರನ್ನು ತೋರಿಸತೊಡಗಿದೆ.