ಲಾ ಪರೀಕ್ಷೆಗೆ ನಮ್ಮ ಮನೆಯ ವೇಳಾಪಟ್ಟಿ

ಇದರಲ್ಲಿಯ ಮುಖ್ಯ ಸಂಗತಿಯನ್ನು ನನಗೆ ಮೊದಲು ಹೇಳಿದವರು ನಮ್ಮ ಅವ್ವ. ನನ್ನ ಮನೆಯಲ್ಲಿ, ನನ್ನ ಬೆನ್ನ ಹಿಂದೆಯೇ ನಡೆದದ್ದು ಅದು. ಮನೆಯಲ್ಲೊಬ್ಬರು ಪರೀಕ್ಷೆಗೆ ಕೂತರೆ ಇಂಥವು ಒಂದರ ಹಿಂದೊಂದು ಆಗುತ್ತಲೇ ಇರುತ್ತವೆ.

ಮಗಳಿಗೆ ಲಾ ಕಾಲೇಜಿನ ಪ್ರವೇಶ ಪರೀಕ್ಷೆ ಬರೆಯುವ ಹಟ. "ಒಂದ ಸಲ ನೋಡು. ಆಗಲಿಲ್ಲಂದ್ರ ಇಲ್ಲೇ ಬೈಲಹೊಂಗಲದಾಗ ಬಿ.ಕಾಂ." ಎಂದು ನಾನು ಹೇಳಿಬಿಟ್ಟಿದ್ದೆ. ಅಂದಿನಿಂದ ಮನೆಯಲ್ಲಿ ಯಾರೂ ಜೋರಾಗಿ ಉಸಿರು ಬಿಡಲಿಲ್ಲ.

೧. ಪಂಚಾಂಗ

ವೇಳಾಪಟ್ಟಿ ನಾನೇ ಬರೆದೆ. ಶಿವಪೂಜೆ ಮುಗಿಸಿ, ಪಂಚಾಂಗ ಮುಂದಿಟ್ಟುಕೊಂಡು, ಸಾವಕಾಶವಾಗಿ. ರಾಹುಕಾಲ ಹೊಡೆದುಹಾಕಿದೆ. ಗುಳಿಕಕಾಲ, ಯಮಗಂಡಕಾಲ ಬಿಟ್ಟೆ. ದೀಪ ಹಚ್ಚುವ ಹೊತ್ತಿಗೆ ಪುಸ್ತಕ ಮುಚ್ಚಬೇಕು. ಅಮಾಸೆಗೆ ಹೊಸ ಪಾಠ ಬೇಡ.

ಹಾಳೆ ನೋಡಿ ಮಗಳು ಅಳುವ ಹಾಗಾದಳು. "ಅಪ್ಪಾ, ಓದಾಕ ಮೂರು ತಾಸೂ ಉಳದಿಲ್ಲಲ್ಲ!"

ಒಳಗಿನಿಂದ ಹೆಂಡತಿ ಅಂದಳು: "ಹಂಗ ಪಂಚಾಂಗ ನೋಡಿ ನಾ ಒಲಿ ಹಚ್ಚಿದ್ರ, ನೀವು ವಾರಕ್ಕ ಎರಡ ಸಲ ಉಣ್ಣತಿದ್ರಿ."

೨. ಸಲಹೆ

ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಒಂದು ದಿನ ಬಂದು, "ಹುಡುಗಿ ಟೈಮ್ ಹಾಳ ಮಾಡಬಾರದ್ ನೋಡ್ರಿ, ಅದನ್ನ ಹೇಳಾಕ ಬಂದೆ" ಎಂದು ಕೂತರು. ಹಿರಿಯರೆದುರು ಪುಸ್ತಕ ಹಿಡಿದು ಕೂಡುವುದು ನಮ್ಮಲ್ಲಿ ಪದ್ಧತಿಯಲ್ಲ. ಮಗಳು ಎದ್ದು ನಮಸ್ಕರಿಸಿ, ಚಹಾ ತಂದುಕೊಟ್ಟು ನಿಂತಳು. ನಿಂತೇ ಇದ್ದಳು. ರಾಮದುರ್ಗದ ಕೋರ್ಟಾಯಿತು, ಸವದತ್ತಿಯ ಕೋರ್ಟಾಯಿತು, ಎರಡನೇ ಚಹಾವೂ ಆಯಿತು.

ಕಡೆಗೆ ಎದ್ದು ಮೆಟ್ಟು ಹಾಕಿಕೊಳ್ಳುತ್ತ ಅಂದರು: "ನಾಳೆ ಮತ್ತ ಬರತೇನಿ. ಟೈಮ್ ಹೆಂಗ ಉಳಸಬೇಕು ಅನ್ನೂದ ಹೇಳಾಕ ಆಗಲೇ ಇಲ್ಲ."

೩. ಮುಳ್ಳು

ಪರೀಕ್ಷೆ ಎರಡು ತಾಸಿನದು. ಮನೆಯಲ್ಲಿ ದಿನವೂ ಒಂದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಳು. ಮೊಬೈಲು ನನ್ನ ಕಪಾಟಿನಲ್ಲಿ. ಅವಳ ಬೆನ್ನ ಹಿಂದೆ, ಗೋಡೆಯ ಮಾಡದಲ್ಲಿ ಅಲಾರಾಂ ಗಡಿಯಾರ. ದಿನವೂ ಹೊತ್ತು ಮುಗಿಯುತ್ತಿತ್ತು, ಕಡೆಯ ಪುಟಗಳು ಹಾಗೇ ಉಳಿಯುತ್ತಿದ್ದವು.

ಪರೀಕ್ಷೆಯ ಹಿಂದಿನ ದಿನ ಪೆನ್ನು ಒಗೆದಳು. "ನನ್ನ ಕೈಲೆ ಆಗೂದಿಲ್ಲ. ನಾಳೆ ಪರೀಕ್ಷಾಕ್ಕ ನಾ ಬರಂಗಿಲ್ಲ. ಬಿ.ಕಾಂ. ಫಾರ್ಮ್ ತಂದಬಿಡು ಅಪ್ಪಾ."

ಆಗ ಅವ್ವ ಮೆಲ್ಲಗೆ, "ನಂದ ತಪ್ಪೋ ತಮ್ಮಾ. ಕೂಸು ಹಸದಿರತೈತಿ, ಲಗೂನ ಏಳ್ಲಿ ಅಂತ ದಿನಾ ಹತ್ತು ಮಿನಿಟ ಮುಳ್ಳ ಮುಂದ ಸರಸತಿದ್ದೆ" ಅಂದರು.

ಹೆಂಡತಿ ಸೆರಗು ತಿರುವುತ್ತ ನಿಂತಳು. "ನಾನೂ ಹತ್ತು ಮಿನಿಟ್ರಿ. ಕುಂತ ಕುಂತ ಬೆನ್ನ ನೋಯತೈತಿ, ಪಾಪ ಅಂತ."

ಇಬ್ಬರ ಮೇಲೂ ಸಿಟ್ಟಿಗೇಳಬೇಕೆಂದೆ. ಆದರೆ ಎದುರಿಗೇ ದೇವರ ಜಗುಲಿ. ಒಪ್ಪಿಕೊಂಡೆ: ಕೈ ಚುರುಕಾಗಲಿ ಎಂದು ನಾನೂ ದಿನಾ ಹತ್ತು ಮಿನಿಟು ಸರಿಸುತ್ತಿದ್ದೆ.

ಮಗಳು ಮೂವರ ಮುಖವನ್ನೂ ನೋಡಿದಳು. ಎದ್ದು ಚೀಲ ತುಂಬತೊಡಗಿದಳು.

ಮರುದಿನ ಬೆಳಗಾವಿಯಲ್ಲಿ, ಗೇಟಿನ ಹೊರಗೆ, ಶಿವಮಂತ್ರ ಜಪಿಸುತ್ತ ನಿಂತೆ. ಹೊರಬಂದವಳ ಮುಖವೆಲ್ಲ ಬೆವರು.

"ಎಲ್ಲಾ ಬರದೀ, ಯವ್ವಾ?"

"ಅರ್ಧಾ ತಾಸು ಮೊದಲ ಮುಗೀತು."

"ಮತ್ತ ಇಷ್ಟ್ಯಾಕ ಬೆವತೀ?"

"ಯಾರರೇ ಬಂದು ಮುಳ್ಳ ಸರಸತಾರೇನೋ ಅಂತ ಗ್ವಾಡಿ ಗಡಿಯಾರ ಕಾಯಕೋತ ಕುಂತಿದ್ದೆ!"

ಶಿವನ ದಯೆ, ಸೀಟು ಸಿಕ್ಕಿತು. ಓದುವ ಮಕ್ಕಳಿರುವ ಮನೆಗೆ ಹೋದಾಗ ಇದನ್ನಷ್ಟು ಹೇಳಿ ಬರ್ರಿ. ಮಕ್ಕಳಿಗಲ್ಲ, ಹಿರಿಯರಿಗೆ.