ಬಸವನಹುಳುವಿನ ಪುಸ್ತಕ

ಗಡಿಯಾರ ರಿಪೇರಿಯವನಿಗೆ ಅಂದು ವಕ್ಕರಿಸಿದ ಕಷ್ಟಕ್ಕೆಲ್ಲ ಕಾರಣ ಒಂದೇ ಅಕ್ಷರ: ‘ಓ’. ಬೆಳಗ್ಗೆ ತಿಂಡಿಗೆ ಕರೆಯುವಾಗ ಮಗುವನ್ನು ‘ಬಾರೋ’ ಅಂದುಬಿಟ್ಟ. ನಾಲಿಗೆ ಕಚ್ಚಿಕೊಂಡು ಸರಿಪಡಿಸಲು ಹೋಗಿ ‘ಬಾರೇ’ ಅಂದ. ಕೆಟ್ಟದ್ದು ಇನ್ನಷ್ಟು ಕೆಟ್ಟಿತು.

ತಾನು ಹುಡುಗನೂ ಅಲ್ಲ, ಹುಡುಗಿಯೂ ಅಲ್ಲ ಎಂದು ಒಂಬತ್ತು ವರ್ಷದ ಮಗು ಹೇಳಿ ವಾರವಾಗಿತ್ತು. “ಬರೀ ಬಾ ಅಂದ್ರೆ ಸಾಕಪ್ಪಾ, ಬರ್ತೀನಿ” ಎಂದು ಅದು ಇಂದೂ ತಾಳ್ಮೆಯಿಂದಲೇ ಹೇಳಿ ತಟ್ಟೆಯ ಮುಂದೆ ಕುಳಿತಿತು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಕೂರಿಸುವ ಕೈ ಅಪ್ಪನದು. ನಾಲಿಗೆ ಮಾತ್ರ ಹಗ್ಗ ಕಿತ್ತ ಕರು.

ಅದು ಸಾಲದೆಂಬಂತೆ ಸಂಜೆ ಐದರ ರೈಲಿಗೆ ಅವನ ತಾಯಿ ಬರುವವರಿದ್ದರು. ನಲವತ್ತು ದಾಟಿದ್ದರೂ ಅಮ್ಮನ ಮುಂದೆ ಅವನ ಕೈ ತಾನಾಗಿ ಕಟ್ಟಿಕೊಳ್ಳುತ್ತಿತ್ತು. ಅವರಿಗೆ ವಿಷಯ ಹೇಳುವುದು ಹೇಗೆ? ಹೆಂಡತಿಯೇ ದಾರಿ ತೋರಿಸಿದಳು. ಇಂಥ ಮಕ್ಕಳ ಬಗ್ಗೆ ಲೈಬ್ರರಿಯಲ್ಲಿ ಒಂದು ಚಿತ್ರಪುಸ್ತಕವಿದೆ, ತಂದು ಅತ್ತೆಗೆ ಓದಿ ಹೇಳಿ ಎಂದಳು.

ಪುಸ್ತಕವೇನೋ ಸಿಕ್ಕಿತು. ಮುಖಪುಟದಲ್ಲಿ ಗಂಡು-ಹೆಣ್ಣೆಂಬ ಭೇದವಿಲ್ಲದ ಜೀವಿ, ದೊಡ್ಡದೊಂದು ಬಸವನಹುಳು. ಅಂಗಿಯೊಳಗೆ ತುರುಕಿಕೊಂಡು ಬರುತ್ತಿದ್ದವನಿಗೆ ಗಲ್ಲಿಯ ತಿರುವಿನಲ್ಲೇ ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ತರು ಎದುರಾದರು. ಅವರ ಕಣ್ಣಿಗೆ ಬಿದ್ದದ್ದು ಊರಿನ ಕಿವಿಗೆ ಬಿದ್ದಂತೆ. ಹೊಟ್ಟೆ ಯಾಕೆ ಚೌಕವಾಗಿದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಪುಸ್ತಕವನ್ನು ಎಳೆದೇಬಿಟ್ಟರು.

ರಿಪೇರಿಯವನು ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ. ಬಸವನಹುಳುಗಳಿಂದ ತೋಟ ಕಾಪಾಡುವುದು ಹೇಗೆಂದು ಅದರಲ್ಲಿದೆಯಂತೆ. ಹೆಡ್ಮಾಸ್ತರರ ಕಣ್ಣು ಅರಳಿತು. ಅವರ ಎಲೆಕೋಸನ್ನು ಆ ಹುಳುಗಳು ತಿಂಗಳಿಂದ ಜರಡಿ ಮಾಡಿದ್ದವು. ಸಂಜೆಯೊಳಗೆ ಕೊಡುತ್ತೇನೆಂದು ಪುಸ್ತಕದೊಂದಿಗೆ ಹೊರಟೇಹೋದರು. ಸುಳ್ಳು ಹೇಳಿದ ತಪ್ಪಿಗೆ ಇವನು ಖಾಲಿ ಅಂಗಿ ಸರಿಪಡಿಸಿಕೊಂಡು ಅಂಗಡಿಗೆ ನಡೆದ.

ಮಧ್ಯಾಹ್ನ ಮೂರು ಸಲ ಅವರ ಬಾಗಿಲು ತಟ್ಟಿದ. ಮೂರೂ ಸಲ ಓದುತ್ತಿದ್ದಾರೆಂಬ ಉತ್ತರ. ಅಂಗಡಿಯಲ್ಲಿ ಕೆಲಸಕ್ಕೆ ಕೂತರೆ ಗಂಟೆಯ ಮುಳ್ಳಿನ ಜಾಗದಲ್ಲಿ ನಿಮಿಷದ ಮುಳ್ಳು ಕೂರಿಸಿದ. ನಾಲ್ಕೂವರೆಗೆ ಹೆಡ್ಮಾಸ್ತರರೇ ಬಂದರು, ಬರಿಗೈಯಲ್ಲಿ.

“ಏನಯ್ಯಾ, ಒಂದು ಹುಳಾನೂ ಸಾಯೋದಿಲ್ಲವಲ್ಲ ಇದರಲ್ಲಿ” ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ದನಿ ತಗ್ಗಿಸಿದರು. “ಮೂವತ್ತು ವರ್ಷ ಪಾಠ ಮಾಡಿದೆ. ಗಂಡು ಮಕ್ಕಳು ಆ ಸಾಲು, ಹೆಣ್ಣು ಮಕ್ಕಳು ಈ ಸಾಲು ಅಂತ ಕೂಗ್ತಿದ್ದೆ. ಎರಡೂ ಸಾಲಿಗೆ ಹೋಗದೆ ನಡುವೆ ನಿಂತಿದ್ದ ಒಂದು ಮಗೂನ ಹೊರಗೆ ನಿಲ್ಲಿಸಿದ್ದೆ. ಪುಸ್ತಕ ಇನ್ನೊಂದು ವಾರ ನನ್ನ ಹತ್ರಾನೇ ಇರಲಿ.”

ಇಟ್ಟುಕೊಳ್ಳಿ ಎಂದು ಇವನು ಅಂಗಡಿಯ ಬಾಗಿಲೆಳೆದ.

ಹೀಗಾಗಿ ಅಮ್ಮ ಬಂದು ಕಾಲು ತೊಳೆದು ಕೂತಾಗ ಅವನ ಬಳಿ ಪುಸ್ತಕವಿರಲಿಲ್ಲ, ಓದಿಯೂ ಇರಲಿಲ್ಲ. ಕೈಕಟ್ಟಿ ನಿಂತು ತಾನೇ ಕತೆ ಕಟ್ಟತೊಡಗಿದ. ಒಂದೂರಲ್ಲಿ ಒಂದು ಬಸವನಹುಳು ಇತ್ತು, ಅದು ಅವನೂ ಅಲ್ಲ, ಅವಳೂ ಅಲ್ಲ, ಅದಕ್ಕೆ ಅದರ ಅಪ್ಪನೆಂದರೆ ಪ್ರಾಣ… ಅಲ್ಲಿಗೆ ಅವನು ಕಟ್ಟಿದ್ದ ಕೈ ಬಿಚ್ಚಿದ. “ಅಮ್ಮಾ, ಬಸವನಹುಳು ಅಂದ್ರೆ ನಮ್ಮ ಮಗುವೇ. ನೀನು ಅದನ್ನ ಬೈದರೆ ನಾನು ಸುಮ್ಮನಿರಲ್ಲ” ಎಂದುಬಿಟ್ಟ. ಹುಟ್ಟಿದಾಗಿನಿಂದ ಅಮ್ಮನಿಗೆ ಅವನು ಎದುರಾಡಿದ್ದು ಅದೇ ಮೊದಲು.

ಅಮ್ಮ ಮೊಮ್ಮಗುವಿನ ಕಡೆ ನೋಡಿದರು. ಮೊಮ್ಮಗು ಅಜ್ಜಿಯ ಕಡೆ ನೋಡಿತು. ಇಬ್ಬರೂ ಕಿಸಕ್ಕನೆ ನಕ್ಕರು.

“ಮಗು ನನಗೆ ಫೋನಲ್ಲಿ ಹೇಳಿ ಮೂರು ತಿಂಗಳಾಯ್ತಪ್ಪಾ. ನಿನಗೆ ಹೇಳೋಕೆ ಹೆದರ್ತಿತ್ತು, ನಾನೇ ಧೈರ್ಯ ತುಂಬಿದ್ದು. ನಿನ್ನ ನಾಲಿಗೆ ಇನ್ನೂ ತಿರುಗ್ತಿಲ್ಲ ಅಂತ ಮೊನ್ನೆ ಹೇಳ್ತು, ಅದಕ್ಕೇ ಬಂದೆ.”

ಚೀಲದಿಂದ ಆರು ಚಿತ್ರಪುಸ್ತಕ ತೆಗೆದು ಅವನ ಮುಂದಿಟ್ಟರು. ದಿನಕ್ಕೊಂದು ಓದಿ ಸಂಜೆ ತಮ್ಮ ಮುಂದೆ ಒಪ್ಪಿಸಬೇಕು, ತಪ್ಪಿದರೆ ಮೊದಲಿಂದ. ಮಗು ಆಗಲೇ ಪಕ್ಕದಲ್ಲಿ ಕೂತು ಮೊದಲ ಪುಟ ತೆರೆದಿತ್ತು.